ಎಂಟನೇ ತರಗತಿಯ ಪೋಷಕರಿಗೆ: ಬ್ಯಾಗ್ ತೆಗೆಸಿದ ವಿಷಯ

ಪೋಷಕರೇ, ನಮಸ್ಕಾರ.

ಅರೇಬಿಕಾ ಹಣ್ಣು ಕೊಯ್ಲು ಶುರುವಾಗಿದೆ, ನಿಮಗೆ ಬಿಡುವಿಲ್ಲ ಅಂತ ಗೊತ್ತು. ಆದರೂ ಈ ವಿಷಯ ಮಕ್ಕಳ ಬಾಯಿಂದ ಅರ್ಧಂಬರ್ಧ ಕೇಳುವ ಬದಲು ನನ್ನಿಂದಲೇ ಕೇಳಿ.

ಹೋದ ಸೋಮವಾರ ಒಂದು ಜಾಮಿಟ್ರಿ ಬಾಕ್ಸ್ ಕಾಣೆಯಾಯಿತು. ನಾನು ಏನೂ ಹೇಳದೆ ಎಲ್ಲರ ಬ್ಯಾಗನ್ನೂ ಬೆಂಚಿನ ಮೇಲೆ ಸುರಿಸಿದೆ. ಹುಣಸೆ ಬೀಜ, ಅರ್ಧ ತಿಂದ ಸೀಬೆಹಣ್ಣು, ಒಬ್ಬಳ ಅಮ್ಮನ ಮಾತ್ರೆ ಚೀಟಿ, ಎಲ್ಲವೂ ಎಲ್ಲರಿಗೂ ಕಂಡವು. ಬಾಕ್ಸ್ ಸಿಕ್ಕಿದ್ದು ಕಿಟಕಿಯ ಮೇಲೆ.

ಮರುದಿನ ಸಂವಿಧಾನದ ಪಾಠ. ಒಬ್ಬ ಹುಡುಗಿ ಎದ್ದಳು. "ಸರ್, ಪೊಲೀಸರೇ ಯಾರನ್ನಾದರೂ ಹಿಡಿದರೆ ಕಾರಣ ಹೇಳಬೇಕಂತೆ, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಬೇಕಂತೆ. ನೀವು ನಮಗೆ ಏನೂ ಹೇಳಲೇ ಇಲ್ವಲ್ಲ?" ಅದು 22ನೇ ವಿಧಿ, ಬಂಧನದ ಮಾತು, ಬ್ಯಾಗಿನದ್ದಲ್ಲ. ಹಾಗಂತ ಜಾರಿಕೊಳ್ಳಬಹುದಿತ್ತು. ಮನಸ್ಸು ಬರಲಿಲ್ಲ.

ಮೂಲಭೂತ ಹಕ್ಕು ಅಂದರೆ ಪಡಿತರ ಅಕ್ಕಿಯ ಹಾಗೆ ಸರ್ಕಾರ ಕೊಡುವ ವಸ್ತು ಅಂದುಕೊಂಡಿರುತ್ತೇವೆ. ಆ ಪುಟಗಳನ್ನು ಓದಿ ನೋಡಿ. ಜಾಸ್ತಿ ಮಾತು ಸರ್ಕಾರಕ್ಕೇ ಹೇಳಿದ್ದು. ಜಾತಿ, ಧರ್ಮ, ಹುಟ್ಟಿದ ಊರು ನೋಡಿ ಭೇದ ಮಾಡಕೂಡದು. ಕಾನೂನಿನ ದಾರಿ ಬಿಟ್ಟು ಯಾರ ಜೀವವನ್ನೂ ಸ್ವಾತಂತ್ರ್ಯವನ್ನೂ ಮುಟ್ಟಕೂಡದು. ಮುಟ್ಟಿದರೆ 32ನೇ ವಿಧಿ ಹಿಡಿದು ನೇರ ಸುಪ್ರೀಂ ಕೋರ್ಟಿಗೇ ಹೋಗಬಹುದು. ಸಂಬಳ ಎಣಿಸುವ ನಾನೂ ಆ ಸರ್ಕಾರದ ಕಡೆಯವನೇ ಅಲ್ವಾ.

ತಪ್ಪಾಯಿತು ಅಂದೆ. ಈಗ ಗೋಡೆಯ ಮೇಲೆ ಮಕ್ಕಳದೇ ಚಾರ್ಟ್ ಇದೆ: ಬ್ಯಾಗ್ ನೋಡುವ ಮುಂಚೆ ಕಾರಣ ಹೇಳಬೇಕು, ಬ್ಯಾಗಿನವರೇ ತೆಗೆದು ತೋರಿಸಬೇಕು, ಹೆಡ್‌ಮಾಸ್ಟರಿಗೂ ಇದೇ. ಕೊನೆಯದನ್ನು ಮಾತ್ರ ಕೆಂಪು ಸ್ಕೆಚ್‌ಪೆನ್ನಲ್ಲಿ ಬರೆದಿದ್ದಾರೆ!

ಮಕ್ಕಳು ಮನೆಯಲ್ಲಿ ಎದುರು ಮಾತಾಡುತ್ತಾರೆ ಅಂತ ಇಬ್ಬರು ದೂರಿದರು. ಕಾರಣ ಹೇಳಿ, ಆಮೇಲೆ ಬೇಕಾದರೆ ಗದರಿ.

ಈ ವಾರದ ಹೋಂವರ್ಕ್ ಅಜ್ಜ ಅಜ್ಜಿಯರಿಗೆ. 1975ರ ತುರ್ತು ಪರಿಸ್ಥಿತಿ ಹೇಗಿತ್ತು? ಅದು ಮುಗಿದ ಮೇಲೆ, 1978ರಲ್ಲಿ ಇಂದಿರಾ ಗಾಂಧಿ ನಮ್ಮ ಚಿಕ್ಕಮಗಳೂರಿಂದಲೇ ಗೆದ್ದರಲ್ಲ, ಆ ಉಪಚುನಾವಣೆಯಲ್ಲಿ ಊರಿನವರು ಏನು ಮಾತಾಡಿಕೊಂಡರು? ಬಂಧನದಲ್ಲಿದ್ದವರು ಬಿಡುಗಡೆಗಾಗಿ ಕೋರ್ಟಿಗೆ ಹೋಗುವಂತಿಲ್ಲ ಅಂತ 1976ರಲ್ಲಿ ಸುಪ್ರೀಂ ಕೋರ್ಟೇ ಹೇಳಿತ್ತು. ಇನ್ನು ಮುಂದೆ ತುರ್ತು ಪರಿಸ್ಥಿತಿಯಲ್ಲೂ ಜೀವದ ಹಕ್ಕನ್ನು ತಡೆಹಿಡಿಯಬಾರದು ಅಂತ 44ನೇ ತಿದ್ದುಪಡಿ ಬಂತು. ಇದನ್ನೆಲ್ಲ ಕಂಡವರು ನಿಮ್ಮ ಜಗಲಿಯ ಮೇಲೇ ಕೂತಿದ್ದಾರೆ. ಯಾರಿಗೆ ಓಟು ಹಾಕಿದಿರಿ ಅಂತ ಮಾತ್ರ ಕೇಳಬೇಡಿ, ಅದು ಗುಟ್ಟು ಅಂತ ಮಕ್ಕಳಿಗೆ ಹೇಳಿ ಕಳಿಸಿದ್ದೇನೆ.

ನವೆಂಬರ್ 26, ಸಂವಿಧಾನ ದಿನ, ಸಂಜೆ 4ಕ್ಕೆ ಮಕ್ಕಳು ತಾವು ಬರೆದುಕೊಂಡಿದ್ದನ್ನು ಓದುತ್ತಾರೆ. ಕಣದ ಕೆಲಸ ಮುಗಿಸಿಯೇ ಬನ್ನಿ, ಸ್ವಲ್ಪ ತಡವಾದರೂ ಕಾಯುತ್ತೇವೆ.

ಇಂತಿ,
ಮುಖ್ಯ ಶಿಕ್ಷಕ