ಮಗಳಿಗೊಂದು ಪತ್ರ: ಸಾಲು ಬಾರದಿದ್ದರೆ ಎದ್ದು ನಿಲ್ಲು

ಪುಟ್ಟಿ,

"ಕಥೆ ಅರ್ಧಕ್ಕೇ ನಿಂತುಬಿಟ್ಟಿದೆ ಅಪ್ಪ, ಎಷ್ಟು ಹೊತ್ತು ಕೂತ್ರೂ ಒಂದು ಸಾಲು ಬರ್ತಿಲ್ಲ" ಅಂತ ನೀನು ಕಳಿಸಿದ ಮೆಸೇಜ್ ಓದಿದೆ. ನನಗೆ ಅದರಲ್ಲಿ ಕಂಡಿದ್ದು ಆ ಕೂರುವುದು. ನಾನು ಪಿಟಿ ಮೇಷ್ಟ್ರಾಗಿದ್ದವನು, ಮಕ್ಕಳು ಓಡುವುದು, ಬೀಳುವುದು, ಏದುಸಿರು ಬಿಡುವುದು ನೋಡಿಕೊಂಡೇ ಸರ್ವೀಸು ಮುಗಿಸಿದವನು. ಹಾಗಾಗಿ ಮೈಯ ಕಡೆಯಿಂದಲೇ ಹೇಳುತ್ತೇನೆ. ಕುರ್ಚಿ ಬಿಟ್ಟು ಏಳು. ತಲೆ ಬರೆಯದ ದೃಶ್ಯವನ್ನು ಮೈಗೆ ಕೊಟ್ಟು ನೋಡು.

ಮೈದಾನಕ್ಕೆ ಬರುವಾಗಲೇ ಮಕ್ಕಳ ವಿಷಯ ಗೊತ್ತಾಗುತ್ತಿತ್ತು. ಮನೆಯಲ್ಲಿ ಜಗಳ ನೋಡಿ ಬಂದ ಹುಡುಗ ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಂಡು ನಿಲ್ಲುತ್ತಿದ್ದ, ಚೆಂಡು ಹತ್ತಿರ ಬಂದರೂ ಕೈ ಪೂರ್ತಿ ಚಾಚುತ್ತಿರಲಿಲ್ಲ. ತಿಂಡಿ ತಿನ್ನದೆ ಬಂದ ಹುಡುಗಿ ಮೊದಲ ಸುತ್ತು ಎಲ್ಲರಿಗಿಂತ ಜೋರಾಗಿ ಓಡಿ, ಎರಡನೇ ಸುತ್ತಿಗೆ ಸೊಂಟ ಹಿಡಿದುಕೊಂಡು ಬಗ್ಗಿಬಿಡುತ್ತಿದ್ದಳು. ಯಾರೂ ಬಾಯಿಬಿಟ್ಟು ಏನೂ ಹೇಳುತ್ತಿರಲಿಲ್ಲ. ಕಥೆ ಬರೆಯುವವಳಿಗೆ ಬೇಕಾದದ್ದು ಇದೇ ಅಲ್ವಾ?

ನಿನ್ನ ಕಥೆಯ ಬಾವಿಯ ದೃಶ್ಯವನ್ನೇ ತೆಗೆದುಕೋ. ಸಾವಿತ್ರಿ ನೀರು ಸೇದಿದಳು, ದಣಿದಿದ್ದಳು, ಮನಸ್ಸು ಭಾರವಾಗಿತ್ತು ಅಂತ ಬರೆದಿದ್ದೀಯ. ಈಗ ಎದ್ದು ನಿಂತು, ಹಗ್ಗ ಇಲ್ಲದೆಯೇ ಸೇದಿ ನೋಡು. ಒಂದು ಕಾಲು ತಾನಾಗಿ ಮುಂದೆ ಹೋಗಿ ಬಾವಿಕಟ್ಟೆಗೆ ಒತ್ತಿಕೊಳ್ಳುತ್ತದೆ. ಕೈಗಳು ಒಂದಾದ ಮೇಲೊಂದು ಹಗ್ಗ ಎಳೆಯುತ್ತವೆ. ಕೊಡ ನೀರಿನೊಳಗಿರುವ ತನಕ ಹಗುರ, ತುಂಬಿಕೊಂಡು ನೀರಿಂದ ಮೇಲಕ್ಕೆ ಬಂತೋ ಅಷ್ಟೂ ಭಾರ ಒಟ್ಟಿಗೇ ತೋಳಿಗೆ ಬಂದು, ತೋಳಿಂದ ಸೊಂಟಕ್ಕೆ ಇಳಿದು, ಉಸಿರು ಅಲ್ಲೇ ಒಂದು ಗಳಿಗೆ ನಿಲ್ಲುತ್ತದೆ. ಆಮೇಲೆ ಕೊಡ ಮೇಲೆ ಬಂದಾಗ ಒಂದು ಕೈಯಲ್ಲಿ ಹಗ್ಗ ಬಿಗಿಹಿಡಿದು, ಇನ್ನೊಂದು ಕೈ ಚಾಚಿ ಕೊಡವನ್ನು ಕಟ್ಟೆಯ ಕಡೆಗೆ ಎಳೆದುಕೊಳ್ಳಬೇಕು. ಆಗ ಅವಳು ಬಾವಿಯ ಮೇಲೆ ಅರ್ಧ ಬಗ್ಗಿರುತ್ತಾಳೆ, ಒಂದು ಕೈಗೆ ಬಿಡುವಿಲ್ಲ, ಹಿಂದೆ ತಿರುಗುವ ಹಾಗಿಲ್ಲ. ನಿನ್ನ ಕಥೆಯಲ್ಲಿ ಅತ್ತೆ ಕೂಗುವುದು ಯಾವಾಗ? ಸಾವಿತ್ರಿ ಕೊಡ ಸೊಂಟಕ್ಕೆ ಇಟ್ಟುಕೊಂಡು ಮನೆ ಕಡೆ ಹೊರಟ ಮೇಲೆ. ಅವಳು ಬಗ್ಗಿರುವಾಗಲೇ ಕೂಗಿಸಿ ನೋಡು ಪುಟ್ಟಿ. ಮನಸ್ಸು ಭಾರವಾಗಿತ್ತು ಅನ್ನುವ ಸಾಲೇ ಬೇಕಾಗುವುದಿಲ್ಲ.

ಇನ್ನೊಂದು ಮಾತು. ಎದೆ ಝಲ್ಲೆಂದಿತು, ಕಣ್ಣು ಮಂಜಾಯಿತು, ಕಾಲಕೆಳಗಿನ ನೆಲ ಕುಸಿಯಿತು, ಇವನ್ನೆಲ್ಲ ಬರೆಯುವ ಮುಂಚೆ ಸ್ವಲ್ಪ ನಿಲ್ಲು. ಬೇರೆಯವರು ಬರೆದು ಬರೆದು ಸವೆಸಿದ ಸಾಲುಗಳು ಇವು. ಭಯವಾದಾಗ ನಿನಗೆ ನಿಜವಾಗಿ ಎಲ್ಲಿ ಏನಾಗುತ್ತದೆ? ನನಗೆ ಅಂಗೈ ತಣ್ಣಗಾಗುತ್ತದೆ. ನೀನು ಚಿಕ್ಕವಳಿದ್ದಾಗ ಹೆದರಿಕೆಯಾದರೆ ಹೆಬ್ಬೆರಳನ್ನು ಮುಷ್ಟಿಯೊಳಗೆ ಬಚ್ಚಿಟ್ಟುಕೊಳ್ಳುತ್ತಿದ್ದೆ, ಈಗಲೂ ಹಾಗೆ ಮಾಡುತ್ತೀಯ, ನಾನು ನೋಡಿದ್ದೇನೆ. ಫಿನ್ಲೆಂಡಿನ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ ಸುಮಾರು 700 ಜನರಿಗೆ ಮೈಯ ಖಾಲಿ ಚಿತ್ರ ಕೊಟ್ಟು, ಕೋಪ ಬಂದರೆ, ದುಃಖವಾದರೆ ಮೈಯಲ್ಲಿ ಎಲ್ಲಿ ಚುರುಕಾಗುತ್ತದೆ, ಎಲ್ಲಿ ಮಂಕಾಗುತ್ತದೆ ಅಂತ ಬಣ್ಣ ಹಚ್ಚಿಸಿದರು. ಕೋಪಕ್ಕೆ ತಲೆ, ಎದೆ, ಕೈಗಳು ಚುರುಕು. ದುಃಖಕ್ಕೆ ಕೈಕಾಲು ಮಂಕು. ನೀನೂ ಒಂದು ಹಾಳೆಯ ಮೇಲೆ ಸಾವಿತ್ರಿಯ ಮೈ ಬರೆದು ಬಣ್ಣ ಹಚ್ಚು. ಅವಳ ಕೋಪ ಎಲ್ಲರ ಹಾಗೆ ಕೈಗೆ ಬರುತ್ತದಾ, ಅಥವಾ ಅವಳು ಅದನ್ನು ದವಡೆಯಲ್ಲೇ ಕಚ್ಚಿ ಇಟ್ಟುಕೊಂಡಿದ್ದಾಳಾ? ಅದು ಗೊತ್ತಾದರೆ ಅವಳು ಅತ್ತೆಗೆ ಹೇಗೆ ಉತ್ತರ ಕೊಡುತ್ತಾಳೆ ಅನ್ನುವುದೂ ಗೊತ್ತಾಗುತ್ತದೆ.

ಇನ್ನು ನಡೆಯುವ ವಿಷಯ. ನಡೆದರೆ ಹೊಸದು ಹೊಳೆಯುತ್ತದೆ. ಇದಕ್ಕೆ ಹೊರಗಿನ ಸಾಕ್ಷಿಯೇನೂ ಬೇಡ, ನಮ್ಮ ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಕುವೆಂಪು ನಡೆದರು, ಆರ್.ಕೆ. ನಾರಾಯಣ್ ನಡೆದರು. ಆದರೂ ನಿನಗೆ ಲೆಕ್ಕ ಬೇಕು ಅಂತ ಹೇಳುತ್ತೇನೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಮಾರಿಲಿ ಒಪೆಟ್ಸೊ ಮತ್ತು ಡೇನಿಯಲ್ ಶ್ವಾರ್ಟ್ಸ್ ಅನ್ನುವ ಸಂಶೋಧಕರು ನಡೆಸಿದ ಪರೀಕ್ಷೆಗಳು 2014ರಲ್ಲಿ ಪ್ರಕಟವಾದವು. ಕೂತಾಗ ಹೊಳೆದದ್ದಕ್ಕಿಂತ ನಡೆಯುವಾಗ ಹೊಸ ವಿಚಾರಗಳು ಸರಾಸರಿ ಶೇಕಡಾ 60ರಷ್ಟು ಜಾಸ್ತಿ ಹೊಳೆದವು. ಖಾಲಿ ಗೋಡೆಯ ಮುಂದೆ ಟ್ರೆಡ್‌ಮಿಲ್ ಮೇಲೆ ನಡೆದರೂ ಹೊಳೆದವು, ನಡೆದು ಬಂದು ಕೂತ ಮೇಲೂ ಸ್ವಲ್ಪ ಹೊತ್ತು ಆ ಗುಣ ಉಳಿಯಿತು. ಆದರೆ ಒಂದೇ ಸರಿಯುತ್ತರ ಹುಡುಕುವ ಲೆಕ್ಕದಲ್ಲಿ ನಡೆಯುವವರು ತುಸು ಹಿಂದೆಯೇ ಬಿದ್ದರು. ಅದಕ್ಕೆ ನನ್ನ ಸಲಹೆ, ಮುಂದೇನು ಅಂತ ತೋಚದಿದ್ದಾಗ ನಡಿ, ಇರುವ ಸಾಲು ತಿದ್ದುವಾಗ ಕೂರು. ನಡೆಯುವಾಗ ಕಿವಿಗೆ ಇಯರ್‌ಫೋನ್ ಬೇಡ, ವಾಚಿನಲ್ಲಿ ಹೆಜ್ಜೆ ಎಣಿಸುವುದೂ ಬೇಡ. ಎಣಿಸಲು ಶುರುಮಾಡಿದರೆ ಅದು ನನ್ನ ಪಿರಿಯಡ್ ಆಗಿಬಿಡುತ್ತದೆ, ನಿನ್ನ ಕಥೆಯದಲ್ಲ. ಏನಾದರೂ ಹೊಳೆದರೆ ಎರಡು ಮಾತು ರೆಕಾರ್ಡ್ ಮಾಡಿಕೋ ಸಾಕು.

ಉಸಿರು ವಾಕ್ಯದೊಳಗೂ ಇರುತ್ತದೆ. ನಮ್ಮ ಅಜ್ಜಿ ಬೀಸುಕಲ್ಲಿನ ಮುಂದೆ ಹಾಡುತ್ತಿದ್ದ ತ್ರಿಪದಿಗಳು ಕಲ್ಲು ಸುತ್ತುವ ಲೆಕ್ಕದಲ್ಲೇ ಬರುತ್ತಿದ್ದವು, ಕೈ ನಿಂತರೆ ಪದವೂ ನಿಲ್ಲುತ್ತಿತ್ತು. ನೀನು ಬರೆದದ್ದನ್ನು ನಿಂತುಕೊಂಡು ಗಟ್ಟಿಯಾಗಿ ಓದು. ಸಾವಿತ್ರಿ ಓಡುವ ಜಾಗದಲ್ಲಿ "ಅವಳು ಎದ್ದಳು. ಬಾಗಿಲು ತೆಗೆದಳು. ಓಡಿದಳು" ಅಂತ ಮೂರು ಕಡೆ ನಿಲ್ಲಿಸಿದ್ದೀಯ, ಓಡುವವಳು ಅಷ್ಟು ಸಲ ನಿಲ್ಲುತ್ತಾಳಾ? ಎದ್ದು, ಬಾಗಿಲು ತೆಗೆದು, ಚಪ್ಪಲಿ ಮೆಟ್ಟದೆ, ಕರೆಂಟು ಹೋದ ಬೀದಿಯಲ್ಲಿ ಗೋಡೆ ಸವರಿಕೊಂಡು, ಅಂತ ಬಿಟ್ಟುಬಿಡು, ಓದುವವರ ಉಸಿರೂ ಕಟ್ಟಲಿ, ಕೊನೆಗೆ ಒಂದು ಕ್ರಿಯಾಪದ ಕೊಟ್ಟು ನಿಲ್ಲಿಸು. ಅದೇ ಆಸ್ಪತ್ರೆಯ ಕಾರಿಡಾರಿನಲ್ಲಿ ಅವಳು ಕಾಯುವ ಕಡೆ ನೀನು ಉದ್ದುದ್ದ ಬರೆದಿದ್ದೀಯ. ಅಲ್ಲಿ ತುಂಡು ತುಂಡಾಗಿರಲಿ. ಕಾಯುವವರಿಗೆ ಪೂರ್ತಿ ಉಸಿರು ಒಳಗೆ ಹೋಗುವುದಿಲ್ಲ.

ನಿನ್ನ ಅಜ್ಜಿ ತೀರಿಕೊಂಡ ದಿನದ ಬಗ್ಗೆಯೂ ಬರೆಯಬೇಕು ಅಂತ ನೀನು ಅಂದಿದ್ದೆ. ಬರಿ, ಆದರೆ ಅದನ್ನು ಮೈಯಿಂದ ತೆಗೆಯುವಾಗ ಅವಸರ ಬೇಡ. ಮೈ ನೆನಪಿಟ್ಟುಕೊಂಡದ್ದು ಒಮ್ಮೊಮ್ಮೆ ನಾವು ಕೇಳಿದ್ದಕ್ಕಿಂತ ಜಾಸ್ತಿ ಬಂದುಬಿಡುತ್ತದೆ. ಗಂಟಲು ಬಿಗಿದು ಉಸಿರಾಡಲು ಕಷ್ಟ ಅನ್ನಿಸಿದರೆ ಪೆನ್ನು ಕೆಳಗಿಡು. ಕಣ್ಣು ಬಿಟ್ಟುಕೊಂಡು ಎರಡೂ ಪಾದ ನೆಲಕ್ಕೆ ಊರು, ಕೋಣೆಯಲ್ಲಿ ಏನೇನಿದೆ ನೋಡು, ನೀರು ಕುಡಿ. ಅವತ್ತಿಗೆ ಅಷ್ಟೇ ಸಾಕು. ರಾತ್ರಿ ಒಬ್ಬಳೇ ಇರುವಾಗ ಆ ಭಾಗ ಬರೆಯಬೇಡ. ಬರೆಯಲೇಬೇಕು ಅನ್ನಿಸಿದರೆ ಮೊದಲು ನನಗೋ ಅಮ್ಮನಿಗೋ ಫೋನ್ ಮಾಡು, ಎಷ್ಟು ಹೊತ್ತಾದರೂ ಸರಿ.

ಮತ್ತೆ ಹಾಸಿಗೆಯಲ್ಲಿ ಬಗ್ಗಿಕೊಂಡು, ಲ್ಯಾಪ್‌ಟಾಪ್ ತೊಡೆ ಮೇಲಿಟ್ಟು ಬರೆಯುವುದನ್ನು ದಯವಿಟ್ಟು ಬಿಡು. ಕತ್ತು ನೋಯುತ್ತಿದ್ದರೆ ಗಮನವೆಲ್ಲ ಆ ಕತ್ತಿಗೇ ಹೋಗುತ್ತದೆ, ಸಾವಿತ್ರಿಗೆ ಏನೂ ಉಳಿಯುವುದಿಲ್ಲ. ಅಡುಗೆಕಟ್ಟೆ ನಿನ್ನ ಎತ್ತರಕ್ಕೆ ಸರಿಯಾಗಿದೆ, ನಿಂತು ಬರೆಯಲು ಅದೇ ಆಗುತ್ತದೆ.

ಬಾವಿಯ ದೃಶ್ಯ ತಿದ್ದಿದ ಮೇಲೆ ಟೈಪ್ ಮಾಡಿ ಕಳಿಸಬೇಡ, ಭಾನುವಾರ ಫೋನಿನಲ್ಲಿ ಓದು. ಅಮ್ಮನೂ ಕೇಳಬೇಕಂತೆ. ಅವಳು ಮದುವೆಗೆ ಮುಂಚೆ ದಿನಾ ನೀರು ಸೇದಿದವಳು, ಹಗ್ಗ ಎಲ್ಲಿ ಜಾರುತ್ತದೆ ಅನ್ನುವುದನ್ನು ನನಗಿಂತ ಚೆನ್ನಾಗಿ ಹೇಳುತ್ತಾಳೆ.

ನಿನ್ನ
ಅಪ್ಪ