ಕಮಾನಿಗೆ ಒಂದೇ ಸಾಲು ಸಾಲದು

ಮಾನ್ಯ ಸಂಪಾದಕರೇ,

ಪುರವಣಿಯಲ್ಲಿ ಬಂದ ಜಗತ್ತಿನ ಕಮಾನು ವಾದ್ಯಗಳ ಲೇಖನದಲ್ಲಿ ಮರ, ಚರ್ಮ, ತಂತಿಗಳ ವಿವರ ಚೆನ್ನಾಗಿತ್ತು. ಆದರೆ ತಂತಿಯ ಮೇಲೆ ಎಳೆದು ನಾದ ಹೊರಡಿಸುವ, ಕೋಲಿಗೆ ಕುದುರೆ ಕೂದಲು ಕಟ್ಟಿದ ಕಮಾನಿಗೆ ಸಿಕ್ಕಿದ್ದು ಒಂದೇ ಸಾಲು. ಒಂದು ವಾದ್ಯದ ನುಡಿಸಾಣಿಕೆ ಇನ್ನೊಂದರಿಂದ ಬೇರೆಯಾಗುವುದರಲ್ಲಿ ಕಮಾನಿನ ಪಾಲು ದೊಡ್ಡದು.

ಚೀನಾದ ಅರ್ಹು ಎಂಬ ವಾದ್ಯವನ್ನೇ ನೋಡಿ. ಕಮಾನಿನ ಕೂದಲು ಅದರ ಎರಡು ತಂತಿಗಳ ನಡುವೆಯೇ ಸಿಕ್ಕಿಕೊಂಡಿರುತ್ತದೆ. ಹೊರತಂತಿ ನುಡಿಸಲು ಕಮಾನನ್ನು ಮುಂದಕ್ಕೆ ಒತ್ತಬೇಕು. ಒಳತಂತಿಗೆ ಬೆರಳಿನಿಂದ ಕೂದಲನ್ನು ತನ್ನತ್ತ ಎಳೆದುಕೊಳ್ಳಬೇಕು. ಹಾಗಾಗಿ ರಾಳವನ್ನು ಕೂದಲಿನ ಎರಡೂ ಮೈಗೆ ಹಚ್ಚಬೇಕು. ಒಂದೇ ಮೈಗೆ ಹಚ್ಚಿದರೆ ಒಂದು ತಂತಿ ಮೂಕವಾಗುತ್ತದೆ. ಇರಾನಿನ ಕಮಾಂಚೆ ಎಂಬ ವಾದ್ಯದಲ್ಲಿ ಕಮಾನಿನ ಕೂದಲು ಸಡಿಲವಾಗಿದ್ದು, ವಾದಕರು ಬೆರಳಿನಿಂದ ಬಿಗಿ ಮಾಡುತ್ತಾರೆ. ತಂತಿ ಬದಲಿಸಲು ವಾದ್ಯವನ್ನೇ ಅದರ ಅಡಿಗೂಟದ ಮೇಲೆ ತಿರುಗಿಸುತ್ತಾರೆ.

ರಾಳವಿಲ್ಲದೆ ಕುದುರೆ ಕೂದಲು ತಂತಿಯ ಮೇಲೆ ಸುಮ್ಮನೆ ಜಾರುತ್ತದೆ. ರಾಳದ ಅಂಟಿಗೆ ತಂತಿ ಕೂದಲಿನ ಜೊತೆ ತುಸು ಸರಿದು, ತಟ್ಟನೆ ಬಿಟ್ಟುಕೊಂಡು ಹಿಂದಕ್ಕೆ ಜಾರಿ, ಮತ್ತೆ ಅಂಟುತ್ತದೆ. 440 ಹರ್ಟ್ಸ್‌ಗೆ ಶ್ರುತಿಮಾಡಿದ ತಂತಿಯಲ್ಲಿ ಇದು ಸೆಕೆಂಡಿಗೆ 440 ಬಾರಿ! 19ನೇ ಶತಮಾನದಲ್ಲಿ ಜರ್ಮನ್ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ಈ ಚಲನೆಯನ್ನು ಸೂಕ್ಷ್ಮದರ್ಶಕದಲ್ಲಿ ಕಂಡು ವಿವರಿಸಿದರು.

ಕಲಿಯುವವರ ತೊಂದರೆಗಳ ಮೂಲವೂ ಇಲ್ಲೇ ಇದೆ. ಕಮಾನು ನಿಧಾನವಿದ್ದು ಒತ್ತು ಜಾಸ್ತಿಯಾದರೆ ತಂತಿ ಹೊತ್ತಿಗೆ ಸರಿಯಾಗಿ ಬಿಟ್ಟುಕೊಳ್ಳದೆ ಕರಕರ ಎನ್ನುತ್ತದೆ. ಒತ್ತು ಕಡಿಮೆಯಾದರೆ ಹಿಡಿತ ತಪ್ಪಿ ಸಿಳ್ಳೆ ಹೊಡೆಯುತ್ತದೆ. ಕಮಾನು ತಂತಿಗಳನ್ನು ಎತ್ತಿಹಿಡಿಯುವ ಬ್ರಿಡ್ಜ್‌ಗೆ ಹತ್ತಿರವಾದಷ್ಟೂ ಒತ್ತು ಹೆಚ್ಚು ಬೇಕು. ಕಮಾನು ತಂತಿಗೆ ಅಡ್ಡವಾಗಿ ಲಂಬ ಕೋನದಲ್ಲಿ ಸಾಗದಿದ್ದರೆ ತಾನಾಗಿಯೇ ಅತ್ತಿತ್ತ ಸರಿದು ನಾದ ಕೆಡಿಸುತ್ತದೆ.

ಪಿಟೀಲಿನ ಕಮಾನನ್ನು ಬಿಗಿಮಾಡುವಾಗ ನಡುವೆ ಕೋಲಿಗೂ ಕೂದಲಿಗೂ ಪೆನ್ಸಿಲ್ ದಪ್ಪದಷ್ಟು ಅಂತರವಿದ್ದರೆ ಸಾಕು. ನುಡಿಸಿದ ಮೇಲೆ ತಿರುಪು ಸಡಿಲಿಸದಿದ್ದರೆ ಕೋಲಿನ ಒಳಬಾಗು ಕ್ರಮೇಣ ಹೋಗಿಬಿಡುತ್ತದೆ. ಮತ್ತೆ ಬಾಗಿಸುವುದು ನುರಿತವರ ಕೆಲಸ. ಕೂದಲನ್ನು ಬೆರಳಿನಿಂದ ಮುಟ್ಟಬಾರದು, ಕೈಯ ಜಿಡ್ಡು ತಾಗಿದಲ್ಲಿ ರಾಳ ಹಿಡಿಯದು. ರಾಳವನ್ನು ದಿನವೂ ಗಟ್ಟಿಯಾಗಿ ತಿಕ್ಕುವ ಅಭ್ಯಾಸವೂ ಬೇಡ. ತಂತಿಯ ಮೇಲೆ ಬಿಳಿ ಪುಡಿ ಉದುರುತ್ತಿದ್ದರೆ ರಾಳ ಹೆಚ್ಚಾಗಿದೆ ಎಂದೇ ಅರ್ಥ. ಆ ಪುಡಿಯನ್ನು ಒಣ ಬಟ್ಟೆಯಿಂದ ಅಂದೇ ಒರೆಸಬೇಕು, ಇಲ್ಲವಾದರೆ ವಾರ್ನಿಶಿಗೆ ಅಂಟಿ ಗಟ್ಟಿಯಾಗುತ್ತದೆ.

ಮುಂದಿನ ಕಂತಿನಲ್ಲಿ ಕಮಾನುಗಳಿಗೇ ಒಂದು ಪುಟ ಕೊಡಿ.

— ಪಿಟೀಲು ಕಲಿಸುವ ಓದುಗ