ಇಳಕಲ್ ಹೆಸರು, ಪ್ರಿಂಟ್ ಸೆರಗು

ಸಂಪಾದಕರೇ,

ಬೆಂಗಳೂರಿನಲ್ಲಿ ಈಗ ಕಾಲೇಜು ಹುಡುಗಿಯರು, ಐಟಿ ಕಂಪನಿಯವರು ಇಳಕಲ್ ಸೀರೆ ಉಟ್ಟು, ಕಾಲಿಗೆ ಸ್ನೀಕರ್ಸ್ ಹಾಕಿಕೊಂಡು ಓಡಾಡುವುದನ್ನು ನೋಡಿದರೆ ಖುಷಿಯಾಗುತ್ತದೆ. ಗುಳೇದಗುಡ್ಡದ ಖಣವೂ ಕುಪ್ಪಸ ಬಿಟ್ಟು ಜಾಕೆಟ್, ಬ್ಯಾಗ್, ಮಕ್ಕಳ ಫ್ರಾಕ್ ಎಲ್ಲಾ ಆಗಿದೆ. ಆಗಲಿ ಬಿಡಿ. ಖಣ ಇರುವುದು ಉಡಿ ತುಂಬೋಕೆ ಮಾತ್ರ ಅಂತ ಮುಖ ಸಿಂಡರಿಸುವವಳು ನಾನಲ್ಲ.

ನನ್ನ ತಕರಾರು ಮಾರುವವರ ಬಗ್ಗೆ. ಈಚೆಗೆ ಆನ್‌ಲೈನ್‌ನಲ್ಲಿ 'ಕೈಮಗ್ಗದ ಇಳಕಲ್' ಅಂತ ನಂಬಿ ತರಿಸಿದ ಸೀರೆಯ ಸೆರಗನ್ನು ತಿರುಗಿಸಿ ನೋಡಿದರೆ ಒಳಬದಿಗೆ ಬಣ್ಣವೇ ಇಳಿದಿಲ್ಲ, ಬರೀ ಪ್ರಿಂಟ್! ನಿಜವಾದ ಇಳಕಲ್‌ನಲ್ಲಿ ಮೈಯ ಹಾಸು (ಮಗ್ಗದಲ್ಲಿ ಉದ್ದಕ್ಕೆ ಕಟ್ಟುವ ಎಳೆಗಳು) ಬೇರೆ, ಸೆರಗಿನ ರೇಷ್ಮೆ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸಬೇಕು, ಅದೂ ಪ್ರತಿ ಸೀರೆಗೂ ಹೊಸದಾಗಿ. ಇಷ್ಟು ಕೆಲಸ ಇರುವ ಬಟ್ಟೆ ಹೋಟೆಲ್ ಊಟದ ರೇಟಿಗೆ ಸಿಗುತ್ತದೆ ಅಂದರೆ ಅನುಮಾನ ಬರಬೇಕು ಅಲ್ವಾ?

ಆ ಊರಿನದ್ದೇ ಬಟ್ಟೆ ಅಂತ ಗುರುತಿಸುವ ಜಿಐ ಟ್ಯಾಗ್ ಇದೆ, ಕೈಮಗ್ಗದ್ದೇ ಅಂತ ಖಾತ್ರಿ ಕೊಡುವ ಹ್ಯಾಂಡ್‌ಲೂಮ್ ಮಾರ್ಕ್ ಚೀಟಿಯೂ 2006ರಿಂದ ಇದೆ, ಆದರೆ ರೀಲ್ಸ್ ನೋಡಿ ಆರ್ಡರ್ ಮಾಡುವಾಗ ಅದನ್ನೆಲ್ಲ ಕೇಳುವವರು ಯಾರು? ಪವರ್‌ಲೂಮ್ ಸೀರೆ ಮಾರಬೇಡಿ ಅಂತ ನಾನು ಹೇಳುತ್ತಿಲ್ಲ. ಎಲ್ಲರ ಕೈಗೂ ಕೈಮಗ್ಗದ ಬೆಲೆ ಎಟುಕುವುದಿಲ್ಲ. ಕೈಮಗ್ಗವೋ, ಪವರ್‌ಲೂಮೋ, ಪ್ರಿಂಟೋ ಅನ್ನುವುದನ್ನು ಬೆಲೆಯ ಪಕ್ಕದಲ್ಲೇ ಕನ್ನಡದಲ್ಲಿ ಬರೆಯಲಿ, ಸಾಕು. ಕೈಮಗ್ಗ ಮತ್ತು ಜವಳಿ ಇಲಾಖೆಯವರು ಮೇಳ ನಡೆಸುವುದರ ಜೊತೆಗೆ ಈ ಆನ್‌ಲೈನ್ ಅಂಗಡಿಗಳನ್ನೂ ಒಮ್ಮೆ ನೋಡಲಿ.

– ಓದುಗರೊಬ್ಬರು, ಬೆಂಗಳೂರು